ಪ್ರಶ್ನೋತ್ತರ: ಪೋರ್ಚುಗೀಸರಿಗಿಂತ ಮೊದಲಿನ ಮಂಗಳೂರು ನಮಗೆ ಗೊತ್ತಾಗುವುದು ಹೇಗೆ?

ಪ್ರಶ್ನೆ: ನಮಸ್ಕಾರ ಮೇಡಂ. ನಾನು ಹುಟ್ಟಿ ಬೆಳೆದದ್ದು ಮಂಗಳೂರು ಬಂದರ್‌ನಲ್ಲಿ. ಈಗ ದುಬೈಯಲ್ಲಿದ್ದೇನೆ. "ಪೋರ್ಚುಗೀಸರು ಬರುವ ಮೊದಲು ನಮ್ಮ ಊರು ಹೇಗಿತ್ತು ಪಪ್ಪಾ?" ಅಂತ ಮಗಳು ಕೇಳಿದಳು. ನನಗೆ ಉತ್ತರ ಬರಲಿಲ್ಲ. ಹಳೆಯದು ಅಂತ ನಾವು ತೋರಿಸುವ ಸುಲ್ತಾನ್ ಬತ್ತೇರಿ ಕೂಡ ಟಿಪ್ಪು ಕಾಲದ್ದು. ಇಷ್ಟು ಕಡಿಮೆ ಉಳಿದಿರುವಾಗ ನೀವು ಇತಿಹಾಸ ಬರೆಯುವುದು ಹೇಗೆ?

ಉತ್ತರ: ಮಗಳಿಗೆ ಮೊದಲು ಒಂದು ತಾರೀಖು ಹೇಳಿ. 1132ರ ಅಕ್ಟೋಬರ್ 17. ಆ ದಿನ ಮಂಗಳೂರಿನಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವ್ಯಾಪಾರಿ ಅಶು ಎಂಬ ದಾಸಿಗೆ ಬಿಡುಗಡೆ ಪತ್ರ ಬರೆದುಕೊಟ್ಟ. ಅವನು ಈಗಿನ ಟುನೀಶಿಯಾದ ಕಡೆಯವನು. ಯೆಮನ್‌ನ ಏಡನ್ ಬಂದರಿನ ಮೂಲಕ ಇಲ್ಲಿಗೆ ಬಂದು ಹದಿನೇಳು ವರ್ಷದಷ್ಟು ಕಾಲ ಈ ಕರಾವಳಿಯಲ್ಲಿದ್ದ.

ಆ ಪತ್ರ ಸಿಕ್ಕಿದ್ದು ಮಂಗಳೂರಿನಲ್ಲಲ್ಲ, ಕೈರೋದಲ್ಲಿ. ದೇವರ ಹೆಸರಿರುವ ಕಾಗದವನ್ನು ಯಹೂದಿಗಳು ಹರಿದು ಬಿಸಾಡುತ್ತಿರಲಿಲ್ಲ. ಪ್ರಾರ್ಥನಾ ಮಂದಿರದ ಒಂದು ಕೋಣೆಯಲ್ಲಿ ಹಾಕಿಡುತ್ತಿದ್ದರು. ಅದಕ್ಕೆ ಗೆನಿಜಾ ಎನ್ನುತ್ತಾರೆ. ಅಲ್ಲಿಯ ಒಣ ಹವೆಗೆ ಕಾಗದ ಕೊಳೆಯಲಿಲ್ಲ. ನಮ್ಮಲ್ಲಿ ನಾಲ್ಕು ತಿಂಗಳ ಮಳೆ, ಮೇಲೆ ಗೆದ್ದಲು. ಓಲೆಗರಿಯೇ ಉಳಿಯುವುದು ಕಷ್ಟ, ವ್ಯಾಪಾರದ ಚೀಟಿ ಉಳಿಯುತ್ತದಾ? ಹಾಗಾಗಿ ನಮ್ಮ ಊರಿನ ಕಥೆಯ ದೊಡ್ಡ ತುಂಡೊಂದು ಸಾವಿರಾರು ಮೈಲಿ ದೂರದಲ್ಲಿ ಉಳಿಯಿತು. 19ನೇ ಶತಮಾನದ ಕೊನೆಯಲ್ಲಿ ಆ ಕಾಗದಗಳ ಬಹುಪಾಲು ಕೇಂಬ್ರಿಡ್ಜ್‌ಗೆ ಹೋಯಿತು. ಅದರಿಂದ ಭಾರತದ ವ್ಯಾಪಾರಕ್ಕೆ ಸಂಬಂಧಿಸಿದ ಪತ್ರಗಳನ್ನು ಆರಿಸಿ ಓದುವುದಕ್ಕೆ ಎಸ್.ಡಿ. ಗೊಯಿಟೈನ್ ಎಂಬ ವಿದ್ವಾಂಸರು ದಶಕಗಳನ್ನೇ ಕೊಟ್ಟರು. ಭಾಷೆ ಅರಬ್ಬಿ, ಲಿಪಿ ಹೀಬ್ರೂ. ಎರಡೂ ಬಂದರೆ ಮಾತ್ರ ಓದಲು ಸಾಧ್ಯ.

ಪತ್ರಗಳಲ್ಲಿ ಏನಿದೆ ಅಂದರೆ, ಬರೀ ಲೆಕ್ಕ. ಇಲ್ಲಿಂದ ಮೆಣಸು, ಅಡಿಕೆ, ಏಲಕ್ಕಿ, ಕಬ್ಬಿಣ ಹೋಗುತ್ತಿತ್ತು. ಏಡನ್‌ನಿಂದ ಬರೆಯುವ ಕಾಗದ, ಒಣದ್ರಾಕ್ಷಿ, ಸಕ್ಕರೆ ಬರುತ್ತಿತ್ತು. ನನಗೆ ಜಾಸ್ತಿ ಇಷ್ಟವಾದ ವಿಷಯ ಬೇರೆ. ಬೆನ್ ಯಿಜು ಇಲ್ಲಿ ಕಂಚಿನ ಕೆಲಸದ ಕಾರ್ಖಾನೆ ನಡೆಸುತ್ತಿದ್ದ. ಏಡನ್‌ನವರು ಒಡೆದ ಪಾತ್ರೆ ಕಳಿಸಿ, "ಇದನ್ನು ಕರಗಿಸಿ ಇಂಥ ಅಳತೆಯ ಹೊಸ ಪಾತ್ರೆ ಮಾಡಿಸಿ" ಎಂದು ಬರೆಯುತ್ತಿದ್ದರು. ಅಂದರೆ ನಮ್ಮ ಎರಕದವರ ಕೈಕೆಲಸದ ಹೆಸರು ಸಮುದ್ರದ ಆಚೆಗೂ ಮುಟ್ಟಿತ್ತು. ಇದನ್ನು ಯಾವ ರಾಜನ ಶಾಸನವೂ ಹೇಳುವುದಿಲ್ಲ.

ಅವನ ಪರವಾಗಿ ಏಡನ್‌ಗೆ ಹೋಗಿ ಬರುತ್ತಿದ್ದ ಒಬ್ಬ ಆಳು ಇದ್ದ. ಪತ್ರದಲ್ಲಿ ಅವನ ಹೆಸರು ಮೂರೇ ಅಕ್ಷರ: ಬ, ಮ, ಹ. ಹೀಬ್ರೂ ಲಿಪಿಯಲ್ಲಿ ಸ್ವರಗಳನ್ನು ಸಾಮಾನ್ಯವಾಗಿ ಬರೆಯುವುದಿಲ್ಲ. ವಿದ್ವಾಂಸರು ಮೊದಲು "ಬಾಮಾ" ಎಂದು ಓದಿದರು. ಆಮೇಲೆ "ಬೊಮ್ಮ" ಇರಬೇಕು ಎಂಬ ಓದು ಬಂತು. ಕನ್ನಡ ಶಾಸನ ನೋಡಿದವರಿಗೆ ಬೊಮ್ಮ, ಬೊಮ್ಮಯ್ಯ, ಬೊಮ್ಮಣ್ಣ ತುಂಬಾ ಪರಿಚಿತ ಹೆಸರುಗಳು, ಅಲ್ವಾ? ಕೈರೋದ ಕಾಗದಕ್ಕೆ ಇಲ್ಲಿನ ಕಲ್ಲು ಅರ್ಥ ಕೊಟ್ಟಿತು. ನಾವು ಮಾಡುವ ಕೆಲಸ ಮುಖ್ಯವಾಗಿ ಇದೇ. ಒಂದು ಸಾಕ್ಷಿಯನ್ನು ಇನ್ನೊಂದರ ಪಕ್ಕದಲ್ಲಿಟ್ಟು ಓದುವುದು.

ಕಲ್ಲಿನ ವಿಷಯಕ್ಕೆ ಬಂದರೆ, ಪಾದೂರು ಗುರುರಾಜ ಭಟ್ಟರು, ಕೆ.ವಿ. ರಮೇಶ್ ಅವರಂಥವರು ಹಳ್ಳಿ ಹಳ್ಳಿ ಸುತ್ತಿ ಶಾಸನ ಓದದೇ ಇದ್ದಿದ್ದರೆ ಈ ಕರಾವಳಿಯನ್ನು ಆಳಿದ ಆಳುಪರ ಬಗ್ಗೆ ನಮಗೆ ಇಷ್ಟು ತಿಳಿಯುತ್ತಿರಲಿಲ್ಲ. ಆದರೆ ಶಾಸನ ಬರೆಸುವುದು ದಾನಕ್ಕೆ, ತೆರಿಗೆಗೆ. ಬಂದರಿನಲ್ಲಿ ಮೂಟೆ ಹೊತ್ತವರ, ಬಲೆ ಬೀಸಿದ ಮೊಗವೀರರ ದಿನಚರಿ ಅದರಲ್ಲಿ ಸಿಗುವುದಿಲ್ಲ. ಆದರೂ ಒಂದೊಂದು ಪದ ಬಾಗಿಲು ತೆರೆಯುತ್ತದೆ. ನಮ್ಮ ಕರಾವಳಿಯ ಶಾಸನಗಳಲ್ಲಿ "ಹಂಜಮಾನ" ಎಂಬ ವರ್ತಕರ ಕೂಟ ಬರುತ್ತದೆ. ಅದು ಪರ್ಷಿಯನ್ ಭಾಷೆಯ "ಅಂಜುಮನ್". ಹೊರಗಿನಿಂದ ಬಂದ ವರ್ತಕರು ಇಲ್ಲಿ ನೆಲೆ ನಿಂತು, ಊರಿನ ವ್ಯವಸ್ಥೆಯಲ್ಲಿ ಸೇರಿಕೊಂಡಿದ್ದರು ಅನ್ನುವುದಕ್ಕೆ ಆ ಒಂದು ಪದ ಸಾಕು.

ಮೊರಾಕ್ಕೊದ ಪ್ರವಾಸಿ ಇಬ್ನ್ ಬತೂತ 1342ರ ಹೊತ್ತಿಗೆ ಇಲ್ಲಿಗೆ ಬಂದ. ಪರ್ಷಿಯಾ ಮತ್ತು ಯೆಮನ್ ವ್ಯಾಪಾರಿಗಳು ಇಳಿಯುವ ಊರು, ಮೆಣಸು ಶುಂಠಿ ಧಾರಾಳ, ಊರ ಪಕ್ಕದಲ್ಲಿ ಸುಮಾರು 4,000 ಮುಸ್ಲಿಮರು ಎಂದು ಬರೆದ. ಆಗಾಗ ಊರವರಿಗೂ ಅವರಿಗೂ ಜಗಳವಾಗುತ್ತದೆ, ವರ್ತಕರು ಬೇಕಾದ್ದರಿಂದ ರಾಜನೇ ರಾಜಿ ಮಾಡಿಸುತ್ತಾನೆ ಎಂದೂ ಹೇಳಿದ. 4,000 ಅನ್ನುವುದನ್ನು ಜನಗಣತಿಯ ಹಾಗೆ ತೆಗೆದುಕೊಳ್ಳಬೇಡಿ. "ದೊಡ್ಡ ಸಮುದಾಯ" ಎಂದು ಓದಿಕೊಳ್ಳಿ.

ಗುಂಪಿನ ಇನ್ನೊಬ್ಬರು: ಮೇಡಂ, ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕ್ ಕೂಡ ಮಂಗಳೂರಿನ ಕಂಚಿನ ದೇವಸ್ಥಾನದ ಬಗ್ಗೆ ಬರೆದಿದ್ದಾನಲ್ಲ. ಅದು ನಮ್ಮ ಕದ್ರಿಯೇ ಅಲ್ವಾ?

ಉತ್ತರ: ಹಾಗೆ ಹೇಳಬೇಕು ಅಂತ ನನಗೂ ಆಸೆ. ಆದರೆ ಹೇಳುವ ಹಾಗಿಲ್ಲ. ಅವನು 1443ರಲ್ಲಿ ಕಲ್ಲಿಕೋಟೆಯಿಂದ ಮಂಗಳೂರಿಗೆ ಬಂದು ವಿಜಯನಗರಕ್ಕೆ ಹೋದ. ಮಂಗಳೂರಿನಿಂದ ಮೂರು ಫರ್ಸಂಗ್ ದೂರದಲ್ಲಿ ಎರಕದ ಲೋಹದ ಗುಡಿ, ಒಳಗೆ ಆಳೆತ್ತರದ ಚಿನ್ನದ ಮೂರ್ತಿ, ಕಣ್ಣಿಗೆ ಮಾಣಿಕ್ಯ ಎಂದು ಬರೆದ. ಒಂದು ಫರ್ಸಂಗ್ ಐದಾರು ಕಿಲೋಮೀಟರ್. ಮೂರು ಅಂದರೆ ಹದಿನೈದಕ್ಕೂ ಹೆಚ್ಚು. ಬಂದರ್‌ನಿಂದ ಕದ್ರಿ ಅದರ ಅರ್ಧವೂ ಆಗುವುದಿಲ್ಲ. ಅವನು ಗುಡಿಯ ಹೆಸರನ್ನೂ ಹೇಳಿಲ್ಲ. ಹೆಸರಿಲ್ಲದ ಗುಡಿಗೆ ನಾವು ಹೆಸರು ಇಡಬಾರದು.

ಕದ್ರಿಗೆ ಅದಕ್ಕಿಂತ ಗಟ್ಟಿ ಸಾಕ್ಷಿ ಇದೆ. ಅಲ್ಲಿಯ ಲೋಕೇಶ್ವರ ಕಂಚಿನ ವಿಗ್ರಹದ ಪೀಠದಲ್ಲಿ ಶಾಸನವಿದೆ. ಆಳುಪ ಕುಂದವರ್ಮ ಕಲಿವರ್ಷ 4068ರಲ್ಲಿ ಅದನ್ನು ಕದರಿಕಾ ವಿಹಾರದಲ್ಲಿ ಸ್ಥಾಪಿಸಿದ ಎಂದಿದೆ. ಸಾಮಾನ್ಯವಾಗಿ ಕ್ರಿ.ಶ. 968 ಎಂದು ಲೆಕ್ಕ ಹಾಕುತ್ತಾರೆ. "ವಿಹಾರ" ಅಂದದ್ದರಿಂದ ಬೌದ್ಧರ ನೆಲೆಯ ಮಾತು ಬಂತು. ಈಗ ಬೆನ್ ಯಿಜುವಿನ ಕಂಚಿನ ಪಾತ್ರೆಗಳನ್ನು ನೆನಪು ಮಾಡಿಕೊಳ್ಳಿ. ಅಂಥ ವಿಗ್ರಹ ನಿಂತಿದ್ದ ಊರಿನಲ್ಲಿ ಎರಕದ ವಿದ್ಯೆ ಬಲ್ಲವರು ಇದ್ದದ್ದರಲ್ಲಿ ಆಶ್ಚರ್ಯ ಇಲ್ಲ. ಇದು ನನ್ನ ಊಹೆ, ಊಹೆ ಅಂತಲೇ ಹೇಳುತ್ತಿದ್ದೇನೆ.

ಮೊದಲು ಕೇಳಿದವರು: ನಮ್ಮ ಬಂದರ್‌ನ ಝೀನತ್ ಬಕ್ಷ್ ಮಸೀದಿ ಕ್ರಿ.ಶ. 644ರದ್ದು ಅಂತ ಅಜ್ಜ ಹೇಳುತ್ತಿದ್ದರು. ಅದು ಸುಳ್ಳಾ?

ಉತ್ತರ: ಸುಳ್ಳು ಅನ್ನಬೇಡಿ. ಅದು ತಲೆಮಾರುಗಳಿಂದ ಬಂದ ನಂಬಿಕೆ, ಅದಕ್ಕೆ ಅದರದೇ ಬೆಲೆ ಇದೆ. ಈ ಕರಾವಳಿಯ ಮೊದಲ ಮಸೀದಿಗಳ ಕಥೆಯನ್ನು 16ನೇ ಶತಮಾನದಲ್ಲಿ ಮಲಬಾರಿನ ಝೈನುದ್ದೀನ್ ಮಖ್ದೂಂ ಬರೆದಿಟ್ಟರು. ಅದರಲ್ಲಿ ಮಂಗಳೂರಿನ ಹೆಸರೂ ಇದೆ. ಕಾಲದ ಬಗ್ಗೆ ಮಾತ್ರ ಅವರೇ ಎಚ್ಚರದಿಂದ ಬರೆದಿದ್ದಾರೆ. ನಿಖರವಾಗಿ ಗೊತ್ತಿಲ್ಲ, ಹಿಜರಿ 200ರ ನಂತರ ಇರಬಹುದು ಎಂದು. ಹಿಜರಿ 200 ಅಂದರೆ ಕ್ರಿ.ಶ. 815ರ ಆಸುಪಾಸು. ಅಜ್ಜ ಹೇಳಿದ ವರ್ಷವನ್ನು ನಾನು ದಾಖಲೆ ಎಂದು ಬರೆಯಲಾರೆ. ಆದರೆ ಇಬ್ನ್ ಬತೂತನ ಕಾಲಕ್ಕೇ ಆ ಸಮುದಾಯ ಇಲ್ಲಿ ಬೇರೂರಿತ್ತು ಎಂದು ಧೈರ್ಯವಾಗಿ ಬರೆಯುತ್ತೇನೆ.

ಮತ್ತೊಬ್ಬರು: ನಮ್ಮ ತೋಟದ ಬಾವಿ ಹತ್ತಿರ ಅಕ್ಷರ ಇರುವ ಒಂದು ಕಲ್ಲಿದೆ. ಬಟ್ಟೆ ಒಗೆಯಲು ಬಳಸುತ್ತಿದ್ದೇವೆ. ಮೇಲೆ ಸೂರ್ಯ, ಚಂದ್ರ ಕೆತ್ತಿದ್ದಾರೆ.

ಉತ್ತರ: ದಯವಿಟ್ಟು ಇವತ್ತಿನಿಂದಲೇ ಬಟ್ಟೆ ಒಗೆಯುವುದು ನಿಲ್ಲಿಸಿ! ಸೂರ್ಯ ಚಂದ್ರ ಇದ್ದರೆ ದಾನಶಾಸನ ಆಗಿರುವ ಸಾಧ್ಯತೆ ಜಾಸ್ತಿ. ಚಂದ್ರ ಸೂರ್ಯ ಇರುವವರೆಗೂ ಈ ದಾನ ನಡೆಯಲಿ ಎಂಬ ಅರ್ಥ. ಸುಣ್ಣ, ಬಣ್ಣ, ಎಣ್ಣೆ ಏನೂ ಹಚ್ಚಬೇಡಿ. ತಂತಿ ಬ್ರಷ್‌ನಲ್ಲಿ ಉಜ್ಜಬೇಡಿ. ಕಲ್ಲನ್ನು ಜಾಗದಿಂದ ಎಬ್ಬಿಸಲೂ ಬೇಡಿ. ಅದು ಎಲ್ಲಿತ್ತು ಅನ್ನುವುದೂ ಒಂದು ಸಾಕ್ಷಿ. ರಾತ್ರಿ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದು ಫೋಟೋ ತೆಗೆಯಿರಿ. ಹಗಲು ಕಾಣದ ಅಕ್ಷರ ನೆರಳಿನಲ್ಲಿ ಎದ್ದು ಬರುತ್ತದೆ. ಎಡದಿಂದ ಒಂದು, ಬಲದಿಂದ ಒಂದು, ಮೇಲಿನಿಂದ ಒಂದು ತೆಗೆದು ಇಲ್ಲಿಗೆ ಹಾಕಿ. ಪುರಾತತ್ವ ಇಲಾಖೆಗೂ ತಿಳಿಸಿ. ಭಾನುವಾರ ನಾನು ಆ ಕಡೆ ಬರುವವಳಿದ್ದೇನೆ. ನೀವು ಮನೆಯಲ್ಲಿದ್ದರೆ ಅಚ್ಚು ತೆಗೆಯುವ ಕಾಗದ, ಮಸಿ ಹಿಡಿದುಕೊಂಡು ಬರುತ್ತೇನೆ.