ಸಣ್ಣ ಮಕ್ಳಿಗೆ ಕ್ರಿಮಿ ಅಂದ್ರೆ ಏನು ಅಂತ ಹೆದರಿಸ್ದೆ ಹೇಳ್ಕೊಡೋದು ಹೆಂಗೆ?

ನರ್ಸರಿ ಮಿಸ್:
ಎಲ್ರಿಗೂ ನಮಸ್ಕಾರ. ನನ್ ಕ್ಲಾಸಲ್ಲಿ 3ರಿಂದ 5 ವರ್ಷದ 18 ಮಕ್ಳಿದಾರೆ. ಹೋದ ವಾರ ಕೈ ತೊಳೆಯೋದು ಹೇಳ್ಕೊಡೋಣ ಅಂತ ಎಲ್ರೂ ಮಾಡಿಸೋ ಆ ಕಾಳುಮೆಣಸಿನ ಪುಡಿ ಆಟ ಮಾಡಿಸ್ದೆ, ತಟ್ಟೇಲಿ ನೀರು, ಮೇಲೆ ಪುಡಿ ಉದುರಿಸಿ ಸೋಪ್ ಹಚ್ಚಿದ ಬೆರಳಿಟ್ರೆ ಪುಡಿಯೆಲ್ಲ ಅಂಚಿಗೆ ಓಡುತ್ತಲ್ಲ, ಅದು. ಮಕ್ಳು ಕುಣಿದಾಡಿಬಿಟ್ರು. ಮಾರನೇ ದಿನ ನೋಡಿದ್ರೆ ಒಬ್ಬ ಒಂದೇ ಒಂದು ಬೆರಳನ್ನ ಸೋಪಿಗೆ ತಾಗಿಸಿ "ಮಿಸ್ ಎಲ್ಲಾ ಓಡೋದ್ವು" ಅಂತ ಹೊರಟೇಬಿಟ್ಟ!! ಇನ್ನೊಬ್ಳದ್ದು ಉಲ್ಟಾ ಕೇಸು. ಪಕ್ಕದ ಮಗು ಕೈ ಹಿಡಿಯೋಕೆ ಬಂದ್ರೆ "ನಿನ್ ಕೈಲಿ ಕ್ರಿಮಿ ಇದೆ" ಅಂತ ಹಿಂದಕ್ಕೆ ಎಳ್ಕೋತಾಳೆ, ಹತ್ತೂ ಬೆರಳು ಅಗಲಿಸಿ ಗಾಳೀಲಿ ಎತ್ಕೊಂಡೇ ಕೂತಿರ್ತಾಳೆ ಪಾಪ. ನಾನು ಎಲ್ಲಿ ಎಡವಿದೆ ಹೇಳಿ.

ಲ್ಯಾಬ್ ಮನುಷ್ಯ:
ಮೇಡಂ ಆ ಹುಡುಗ ಕಂಡಿದ್ದನ್ನೇ ಮಾಡಿದಾನೆ, ತಪ್ಪೇನಿಲ್ಲ 😀 ಪುಡಿ ಓಡೋದು ಸೋಪ್ ಬಿದ್ದಾಗ ನೀರಿನ ಮೇಲ್ಮೈ ಎಳೆತ ಕಮ್ಮಿ ಆಗೋದ್ರಿಂದ, ಕ್ರಿಮಿಗಳು ಸೋಪ್ ನೋಡಿ ಹೆದರಿ ಓಡಲ್ಲ, ಚರ್ಮದ ಜಿಡ್ಡಿಗೆ ಅಂಟ್ಕೊಂಡು ಕೂತಿರ್ತವೆ. ಸೋಪಿನ ಕಣದ ಒಂದು ತುದಿಗೆ ನೀರು ಇಷ್ಟ, ಇನ್ನೊಂದಕ್ಕೆ ಜಿಡ್ಡು ಇಷ್ಟ, ಹಂಗಾಗಿ ಜಿಡ್ಡನ್ನ ಹಿಡ್ಕೊಂಡು ನೀರಿನ ಜೊತೆ ಹೋಗುತ್ತೆ, ಜಿಡ್ಡಿನ ಜೊತೆ ಕ್ರಿಮೀನೂ ಹೋಗುತ್ತೆ. ಉಜ್ಜಿದ್ರೆ ಮಾತ್ರ ಅದು ಸಡಿಲ ಆಗೋದು.
ಬದಲಿಗೆ ಇದನ್ನ ಮಾಡಿ ನೋಡಿ. ಅಂಗೈಗೆ ಎರಡು ಹನಿ ಎಣ್ಣೆ ಸವರಿ ಮೇಲೆ ಬಣ್ಣದ ಚಾಕ್‌ಪೀಸ್ ಪುಡಿ ಹಚ್ಚಿ. ಮೊದಲು ಬರೀ ನೀರಲ್ಲಿ ತೊಳೀಲಿ, ಸರಿಯಾಗಿ ಹೋಗಲ್ಲ. ಆಮೇಲೆ ಸೋಪ್ ಹಾಕಿ 20 ಸೆಕೆಂಡ್ ಉಜ್ಜಲಿ. ಎಲ್ಲಿ ಬಿಟ್ಟಿದಾರೆ ಅಂತ ಅವರಿಗೇ ಕಾಣುತ್ತೆ, ಸಾಮಾನ್ಯವಾಗಿ ಹೆಬ್ಬೆರಳು, ಬೆರಳ ತುದಿ, ಬೆರಳ ಸಂದಿ. ನೀರು ಬಿಸಿ ಇರ್ಲೇಬೇಕು ಅಂತೇನಿಲ್ಲ.

ಇಬ್ರು ಮಕ್ಳ ಅಮ್ಮ:
ನನ್ ಮಗನೂ ಹಿಂಗೇ ಮಾಡ್ತಿದ್ದ ಮಿಸ್. ಯಾವ್ದೋ ಚಾರ್ಟಲ್ಲಿ ಕ್ರಿಮಿಗೆ ಹಲ್ಲು ಕೋರೆ ಎಲ್ಲಾ ಬರೆದಿದ್ರು, ಅದನ್ನ ನೋಡಿ ರಾತ್ರಿ ಕೈನ ದಿಂಬಿನ ಕೆಳಗೆ ಇಟ್ಕೊಂಡು ಮಲಗ್ತಿದ್ದ. ಆಮೇಲೆ ನಾನು ಆ ಮಾತೇ ಬಿಟ್ಟೆ. ಕ್ರಿಮಿ ತುಂಬಾ ತುಂಬಾ ಚಿಕ್ಕದು, ಮುಕ್ಕಾಲು ಪಾಲು ನಮಗೇನೂ ಮಾಡಲ್ಲ, ಹೊಟ್ಟೇಲಿರೋವು ಊಟ ಅರಗಿಸೋಕೂ ಸಹಾಯ ಮಾಡ್ತವೆ, ಕೆಲವು ಮಾತ್ರ ಬಾಯೊಳಗೆ ಹೋದ್ರೆ ಹೊಟ್ಟೆನೋವು ಬರುತ್ತೆ, ಅದಕ್ಕೇ ತೊಳ್ಕೋತೀವಿ ಅಂತ ಅಷ್ಟೇ. "ಅವನ ಕೈಲಿ ಕ್ರಿಮಿ" ಅಂತ ಯಾರಾದ್ರೂ ಅಂದ್ರೆ "ನನ್ ಕೈಲೂ ಇದೆ ಕಣೋ, ಬಾ ಇಬ್ರೂ ತೊಳ್ಕೊಳೋಣ" ಅಂತೀನಿ.

ಅಜ್ಜ:
ನಾವೆಲ್ಲ ಮಣ್ಣಲ್ಲಿ ಹೊರಳಾಡಿ ಬೆಳೆದೋರು, ಏನಾಗಿದೆ ಈಗ? ಅತಿಯಾಯ್ತು ನಿಮ್ದು.

ಲ್ಯಾಬ್ ಮನುಷ್ಯ:
ಅಜ್ಜಾ ಮಣ್ಣಲ್ಲಿ ಆಡ್ಬೇಡಿ ಅಂತ ಯಾರು ಹೇಳಿದ್ರು, ಆಡ್ಲಿ. ಟಾಯ್ಲೆಟ್‌ಗೆ ಹೋಗಿ ಬಂದ ಕೈ ಹಂಗೇ ಬಾಯಿಗೆ ಹೋಗೋದೇ ಬೇರೆ ವಿಷಯ. ಕಣ್ಣಿಗೆ ಕಾಣಲ್ಲ ಅಂದ್ರೆ ದೊಡ್ಡೋರೂ ನಂಬಲ್ಲ ಬಿಡಿ. 1847ರಲ್ಲಿ ವಿಯೆನ್ನಾದ ಹೆರಿಗೆ ಆಸ್ಪತ್ರೇಲಿ ಸೆಮ್ಮೆಲ್‌ವೈಸ್ ಅನ್ನೋ ಡಾಕ್ಟರು, ಹೆಣ ಕೊಯ್ದ ಕೈನ ಕ್ಲೋರಿನ್ ದ್ರಾವಣದಲ್ಲಿ ತೊಳ್ಕೊಂಡೇ ಬಾಣಂತೀರನ್ನ ಮುಟ್ಟಿ ಅಂತ ರೂಲ್ ಮಾಡಿದ್ರು, ಏಪ್ರಿಲ್‌ನಲ್ಲಿ ಶೇ. 18 ಇದ್ದ ಸಾವು ಜೂನ್‌ಗೆ ಶೇ. 2ರ ಹತ್ರ ಬಂತು. ಆದ್ರೂ ಎಷ್ಟೋ ಜನ ಡಾಕ್ಟರುಗಳು ಒಪ್ಲಿಲ್ಲ. ಇನ್ನು 4 ವರ್ಷದ ಮಗು ನಂಬ್ಲಿ ಅಂತ ಯಾಕೆ ಕಾಯ್ಬೇಕು, ಹಲ್ಲುಜ್ಜೋ ಥರ ಅಭ್ಯಾಸ ಆದ್ರೆ ಸಾಕು.

ಡೇಕೇರ್ ಅಕ್ಕ:
ಎಲ್ರೂ ಪಾಠದ ಬಗ್ಗೆ ಮಾತಾಡ್ತಿದೀರ, ನಲ್ಲಿ ಎಟುಕುತ್ತಾ ಅಂತ ನೋಡಿದೀರಾ ಮಿಸ್? ನಮ್ಮಲ್ಲಿ ಮಕ್ಳು ತುದಿಗಾಲಲ್ಲಿ ನಿಂತ್ಕೊಂಡು ತೊಳೆಯೋವಾಗ ನೀರು ಮೊಣಕೈವರೆಗೂ ಇಳಿದು ತೋಳೆಲ್ಲ ಒದ್ದೆ ಆಗ್ತಿತ್ತು, ಅದಕ್ಕೇ ಬೇಗ ಬೇಗ ಮುಗಿಸ್ತಿದ್ರು. ಒಂದು ಸ್ಟೂಲ್ ಹಾಕಿದ ಮೇಲೆ ಅರ್ಧ ಗಲಾಟೆ ಹೋಯ್ತು. ಸೋಪ್ ಬಾಟ್ಲಿ ಒತ್ತೋಕೂ ಆಗಲ್ಲ ಕೆಲವಕ್ಕೆ, ಮೊದಲು ನೀವೇ ಒತ್ತಿಕೊಡಿ. ಒರೆಸ್ಕೊಳೋದು ಬಿಡಬೇಡಿ, ಒದ್ದೆ ಕೈಯಿಂದ ಕ್ರಿಮಿ ಜಾಸ್ತಿ ಅಂಟುತ್ತೆ. ಸ್ಯಾನಿಟೈಸರ್ ಮಾತ್ರ ಮಕ್ಳ ಕೈಗೆ ಸಿಗೋ ಹಂಗೆ ಇಡ್ಬೇಡಿ, ಅದ್ರಲ್ಲಿ ಆಲ್ಕೋಹಾಲ್ ಇರುತ್ತೆ, ಕೊಳೆ ಕೈ ಮೇಲೆ ಸರಿಯಾಗಿ ಕೆಲ್ಸಾನೂ ಮಾಡಲ್ಲ, ವಾಂತಿಭೇದಿ ತರೋ ನೋರೋವೈರಸ್‌ಗಂತೂ ಸೋಪು ನೀರೇ ಬೇಕು.

ನರ್ಸರಿ ಮಿಸ್:
ಇವತ್ತು ಎಣ್ಣೆ ಚಾಕ್‌ಪೀಸ್ ಆಟ ಮಾಡಿಸ್ದೆ. 20ರವರೆಗೆ ಎಣಿಸೋಕೆ ಬರಲ್ಲ ಅವಕ್ಕೆ, 10ನ್ನೇ ಎರಡು ಸಲ ಎಣಿಸಿದ್ವಿ. ಒಂದು ಬೆರಳಿನ ಹುಡುಗ ಎರಡೂ ಕೈ ಉಜ್ಜಿ ಉಜ್ಜಿ ಹೆಬ್ಬೆರಳು ಮಾತ್ರ ಹಳದಿ ಉಳಿಸ್ಕೊಂಡು ಬಂದ, ನಾನು ಹೇಳೋ ಮುಂಚೆ ಅವನೇ "ಅಯ್ಯೋ ಇದು ಬಿಟ್ಟೋಯ್ತು" ಅಂತ ವಾಪಸ್ ಓಡಿದ. ಆ ಹುಡುಗಿ ಇನ್ನೂ ಯಾರ ಕೈನೂ ಹಿಡೀತಿಲ್ಲ, ಆದ್ರೆ ಗೊಂಬೆ ಕೈ ತೊಳೆದು ಒರೆಸಿ ಅದನ್ನ ಮಡಿಲಲ್ಲಿ ಇಟ್ಕೊಂಡಿದ್ಲು. ಡೇಕೇರ್ ಅಕ್ಕಾ, ನಮ್ ನಲ್ಲಿ ಹತ್ರ ನೆಲ ಜಾರುತ್ತೆ, ನಿಮ್ ಸ್ಟೂಲಿನ ಕಾಲಿಗೆ ರಬ್ಬರ್ ಇದ್ಯಾ?