ಜರ್ಮನ್ ಬಿ1 ಪಾಸ್ ಆಗಿದೆ, ಮಾತಾಡುವಾಗ ಮಾತ್ರ ವಾಕ್ಯ ತಪ್ಪುತ್ತದೆ. ಯಾಕೆ?

ಮಲ್ಲೇಶ್ವರದ ಅಣ್ಣ:
ತಂಗಿ ನರ್ಸ್, ಜರ್ಮನಿಗೆ ಹೋಗುವ ತಯಾರಿಯಲ್ಲಿದ್ದಾಳೆ. ಗೋಥೆ ಸಂಸ್ಥೆಯ ಬಿ1 (ಮಧ್ಯಮ ಮಟ್ಟದ) ಪರೀಕ್ಷೆಯ ನಾಲ್ಕೂ ಭಾಗ ಪಾಸ್, ಬರವಣಿಗೆಯಲ್ಲಂತೂ ಒಳ್ಳೇ ಅಂಕ. ಆದರೆ ಗೆಳತಿ ಜೊತೆ ಮಾತಾಡುವಾಗ ‘ಗೆಸ್ಟರ್ನ್ ಇಷ್ ಬಿನ್...’ (ನಿನ್ನೆ ನಾನು...) ಅಂತಲೇ ಶುರು ಮಾಡುತ್ತಾಳೆ. ಕ್ರಿಯಾಪದ ‘ಬಿನ್’ ಮೊದಲು ಬಂದು ‘ಗೆಸ್ಟರ್ನ್ ಬಿನ್ ಇಷ್’ ಆಗಬೇಕು ಅಲ್ವಾ? ಇದು ಎ1, ಅಂದರೆ ಮೊದಲ ಮಟ್ಟದ ಪಾಠ. ಹಾಗಾದರೆ ಪರೀಕ್ಷೆ ಅಳೆದಿದ್ದೇನು?

ಜರ್ಮನ್ ಟೀಚರ್:
ಸರ್, ಪರೀಕ್ಷೆ ನೋಡುವುದು ಭಾಷೆಯಿಂದ ಕೆಲಸ ಆಯಿತಾ ಅಂತ. ಒಂದೊಂದು ಭಾಗದಲ್ಲೂ ನೂರಕ್ಕೆ 60 ಬಂದರೆ ಪಾಸ್, ಪದ ಆಚೀಚೆ ಆದರೂ ವಿಷಯ ತಲುಪಿದರೆ ಅಂಕ ಸಿಗುತ್ತದೆ. ಬರೆಯುವಾಗ ಯೋಚಿಸಿ ತಿದ್ದಿಕೊಳ್ಳಲು ಟೈಮ್ ಬೇರೆ ಇರುತ್ತದೆ. ವ್ಯಾಕರಣ ಬಾಯಲ್ಲಿ ಕೂರುವ ಕ್ರಮವೇ ಬೇರೆ. ಜರ್ಮನಿಗೆ ಕೆಲಸಕ್ಕೆ ಬಂದ ಇಟಲಿ, ಸ್ಪೇನ್, ಪೋರ್ಚುಗಲ್‌ನವರ ಮಾತನ್ನು ‘ಜೀಸಾ’ ಅನ್ನುವ ಯೋಜನೆಯಲ್ಲಿ ಅಧ್ಯಯನ ಮಾಡಿದ್ದರು. ಮೊದಲು ನೇರ ವಾಕ್ಯ, ಆಮೇಲೆ ‘ನಿನ್ನೆ’ಯಂಥ ಪದ ಮುಂದೆ ಬಂದರೂ ಉಳಿದದ್ದು ಹಾಗೇ (ನಿಮ್ಮ ತಂಗಿ ಇಲ್ಲೇ ಇದ್ದಾರೆ), ಆಮೇಲೆ ‘ಗೆಗಾಂಗೆನ್’ (ಹೋಗಿದ್ದು) ಥರದ ಕ್ರಿಯಾರೂಪ ಕೊನೆಗೆ ಹೋಗುವುದು, ಅದಾದ ಮೇಲೆ ‘ಬಿನ್ ಇಷ್’, ಎಲ್ಲಕ್ಕಿಂತ ಕೊನೆಗೆ ‘ವೈಲ್’ (ಯಾಕೆಂದರೆ) ಇರುವ, ಕ್ರಿಯಾಪದ ಕೊನೆಗೆ ಬರುವ ವಾಕ್ಯ. ನಡುವಿನ ಮೆಟ್ಟಿಲು ಹಾರಿಸಿ ಕಲಿಸಿದರೆ ನಿಲ್ಲುವುದಿಲ್ಲ ಅಂತ ಆ ತಂಡದ ಪೀನೆಮನ್ ವಾದ. ಪುಸ್ತಕದಲ್ಲಿ ಎ1ಗೇ ಹಾಕಿದ್ದಾರೆ ಅಂತ ಮಾತಿನಲ್ಲೂ ಆಗಲೇ ಬರಬೇಕಿಲ್ಲ.

ಶಿವಮೊಗ್ಗ ಟು ಸ್ಟುಟ್‌ಗಾರ್ಟ್:
ಒಂದು ತಕರಾರು ಮೇಡಂ. ಆ ಇಟಲಿ, ಸ್ಪೇನ್‌ನವರದ್ದೆಲ್ಲ ಕ್ರಿಯಾಪದ ನಡುವೆ ಬರುವ ಭಾಷೆ. ನಮ್ಮದು ಕೊನೆಗೇ ಇಡುವ ಭಾಷೆ. ನನಗೆ ‘ವೈಲ್ ಇಷ್ ಕ್ರಾಂಕ್ ಬಿನ್’ (ಯಾಕೆಂದರೆ ನನಗೆ ಹುಷಾರಿಲ್ಲ) ಸಲೀಸಾಗಿ ಬಂತು, ಒದ್ದಾಡಿದ್ದು ‘ಬಿನ್ ಇಷ್’ಗೇ. ನಮ್ಮ ಹಾಗೇ ಕ್ರಿಯಾಪದ ಕೊನೆಗಿಡುವ ಟರ್ಕಿಯವರ ವಿಷಯದಲ್ಲೂ ಇದೇ ಚರ್ಚೆ ನಡೆದಿದೆ. ಆ ಏಣಿಯನ್ನೇ ತಂದು ಎಲ್ಲರ ಪರೀಕ್ಷೆಗೂ ಒರಗಿಸಿದರೆ ನಮ್ಮಂಥವರ ಗತಿ?

ಪರೀಕ್ಷೆ ವಿಭಾಗದವ:
ಇಬ್ಬರ ಮಾತೂ ಸರಿ. ಎ1ರಿಂದ ಸಿ2ವರೆಗಿನ ಚೌಕಟ್ಟನ್ನು ಕೌನ್ಸಿಲ್ ಆಫ್ ಯುರೋಪ್ 2001ರಲ್ಲಿ ಪ್ರಕಟಿಸಿತು. ‘ಇದನ್ನು ಮಾಡಬಲ್ಲ’ ಅನ್ನುವ ಥರದ ವಾಕ್ಯಗಳನ್ನು ಶಿಕ್ಷಕರ ಅಂದಾಜಿನ ಮೇಲೆ ಮಟ್ಟಗಳಿಗೆ ಹಂಚಿದರು, ಕಲಿಯುವವರ ಬಾಯಲ್ಲಿ ಯಾವ ವ್ಯಾಕರಣ ಯಾವಾಗ ಬಂತು ಅಂತ ನೋಡಿ ಅಲ್ಲ. ಒಂದೇ ಚೌಕಟ್ಟು ಎಲ್ಲ ಭಾಷೆಗೂ ಆಗಬೇಕಿತ್ತಲ್ಲ, ವ್ಯಾಕರಣ ಹೇಗೆ ಬರೆಯುತ್ತಾರೆ! ಆದ್ದರಿಂದ ಬಿ1 ಅಂದರೆ ಇಂಥ ಹಂತ ಅಂತ ಗೆರೆ ಎಳೆಯಲು ಆಗುವುದಿಲ್ಲ. ಹಂತ ತಿಳಿಯಬೇಕಾದರೆ ಬೇರೆ ಥರ ನೋಡಬೇಕು. ಅಣ್ಣಾ, ಡ್ಯೂಟಿಯಲ್ಲಿ ನಿನ್ನೆ ಏನಾಯಿತು ಅಂತ ತಂಗಿ ಹತ್ತಿರ ಜರ್ಮನ್‌ನಲ್ಲಿ ಹೇಳಿಸಿ, ಫೋನಲ್ಲಿ ರೆಕಾರ್ಡ್ ಮಾಡಿ. ‘ಡಾನ್ ಹಾಬೆ ಇಷ್’ (ಆಮೇಲೆ ನಾನು...) ಒಂದೇ ಸರಿ ಬಂದರೆ ಲೆಕ್ಕಕ್ಕಿಲ್ಲ, ಅದು ಬಾಯಿಪಾಠ. ‘ಹೊಯ್ಟೆ’ (ಇವತ್ತು), ‘ಉಮ್ ಆಖ್ಟ್’ (ಎಂಟು ಗಂಟೆಗೆ), ಹೀಗೆ ಬೇರೆ ಬೇರೆ ಪದದ ನಂತರ, ಬೇರೆ ಕ್ರಿಯಾಪದಗಳ ಜೊತೆಗೂ ಸರಿ ಬೀಳುತ್ತಿದೆಯಾ ಕೇಳಿ. ನಾಲ್ಕೈದು ಕಡೆ ಬಂತು ಅಂದರೆ ಮಧ್ಯೆ ಎರಡು ತಪ್ಪಿದರೂ ಆ ಹಂತ ಶುರುವಾಗಿದೆ ಅಂತಲೇ. ನರ್ಸ್ ಕೆಲಸಕ್ಕೆ ಸಾಮಾನ್ಯವಾಗಿ ಬಿ2 ಕೇಳುತ್ತಾರೆ, ಇದೊಂದಕ್ಕೋಸ್ಕರ ಸುಮ್ನೆ ಆ ಪರೀಕ್ಷೆಯ ಬುಕಿಂಗ್ ಮುಂದೆ ಹಾಕಬೇಡಿ.