ಕ್ಯಾನ್ಮೋರ್ ಸುತ್ತ ಕ್ರಾಸ್ ಕಂಟ್ರಿ ಸ್ಕೀಯಿಂಗ್: ಮೊದಲ ಸಲದವರು ಎಲ್ಲಿಗೆ ಹೋಗಬೇಕು?

ಪ್ರಶ್ನೆ: ನಮಸ್ಕಾರ ಮೇಡಂ. ಜನವರಿ ಕೊನೆಗೆ ಕೆನಡಾದ ಕ್ಯಾನ್ಮೋರ್‌ನಲ್ಲಿ ಐದು ದಿನ ಇರುತ್ತೇವೆ. ನಾನು, ಹೆಂಡತಿ, ಹತ್ತು ವರ್ಷದ ಮಗಳು. ಕ್ರಾಸ್ ಕಂಟ್ರಿ ಸ್ಕೀಯಿಂಗ್ (ಸಪೂರ ಸ್ಕೀ ಕಟ್ಟಿಕೊಂಡು ಹಿಮದ ದಾರಿಯಲ್ಲಿ ಸಾಗೋದು) ಮೂವರಿಗೂ ಮೊದಲ ಸಲ. ಗೋಟ್ ಕ್ರೀಕ್ ದಾರಿ ಹಿಡಿದು ಪಕ್ಕದ ಊರು ಬ್ಯಾನ್ಫ್‌ಗೆ ಹೋಗಿ, ಪೂರ್ತಿ ಇಳಿಜಾರು, ಆರಾಮ ಅಂತ ಗೆಳೆಯರೊಬ್ಬರು ಹೇಳಿದರು. ಹೋಗಬಹುದಾ?

ಉತ್ತರ (ಸ್ಕೀ ತರಬೇತುದಾರರು): ನಮಸ್ಕಾರ ಸರ್. ದಯವಿಟ್ಟು ಗೋಟ್ ಕ್ರೀಕ್ ಬೇಡ. ಕ್ರಾಸ್ ಕಂಟ್ರಿಯಲ್ಲಿ ಹೊಸಬರಿಗೆ ಕಷ್ಟ ಕೊಡೋದು ಏರು ಅಲ್ಲ, ಇಳಿಜಾರೇ. ಈ ಸ್ಕೀ ಸಪೂರ. ಸಾಮಾನ್ಯವಾಗಿ ಅಂಚಿಗೆ ಲೋಹದ ಪಟ್ಟಿ ಇರಲ್ಲ. ಬೂಟಿನ ತುದಿ ಮಾತ್ರ ಸಿಕ್ಕಿಸಿರುತ್ತೆ, ಹಿಮ್ಮಡಿ ಮೇಲೇಳುತ್ತಿರುತ್ತೆ. ಹಾಗಾಗಿ ವೇಗ ಹಿಡಿದರೆ ನಿಲ್ಲಿಸೋದನ್ನು ಕಲಿತೇ ಇರಬೇಕು. ಗೋಟ್ ಕ್ರೀಕ್ ಸುಮಾರು 19 ಕಿ.ಮೀ., ಕೆಲವು ಕಡೆ ಕಿರಿದು. ಅರ್ಧದಲ್ಲಿ ಮಗು ಸುಸ್ತಾದರೆ ಕಾರು ಬರುವ ದಾರಿಯೂ ಇಲ್ಲ.

ಮೊದಲ ಎರಡು ದಿನ ಊರಿನ ಪಕ್ಕದ ಕ್ಯಾನ್ಮೋರ್ ನಾರ್ಡಿಕ್ ಸೆಂಟರ್‌ಗೆ ಹೋಗಿ. 1988ರ ಚಳಿಗಾಲದ ಒಲಿಂಪಿಕ್ಸ್‌ಗಾಗಿ ಕಟ್ಟಿದ್ದು, 65 ಕಿ.ಮೀ.ಗೂ ಹೆಚ್ಚು ದಾರಿಗಳಿವೆ. ಸ್ಕೀ ಬಾಡಿಗೆಗೆ ಸಿಗುತ್ತೆ, ಪಾಠ ಹೇಳಿಕೊಡುವವರೂ ಇದ್ದಾರೆ. ಒಂದು ಪಾಠಕ್ಕೆ ಖಂಡಿತ ದುಡ್ಡು ಹಾಕಿ. ಆದರೆ ಇಲ್ಲಿ ಹಲವು ದಾರಿಗಳು ಸ್ಪರ್ಧೆಗೆ ಮಾಡಿದವು, ಏರಿಳಿತ ಜೋರು. ಹಸಿರು ಗುರುತಿನ, ಅಂದರೆ ಸುಲಭದ, ದಾರಿ ಬಿಟ್ಟು ಹೋಗಬೇಡಿ. ದಾರಿಯ ಅಂಚಿನಲ್ಲಿ ಗಾಡಿ ಚಕ್ರದ ಜಾಡಿನಂತೆ ಎರಡು ಗೆರೆ ಕೊರೆದಿರುತ್ತಾರೆ. ಸ್ಕೀ ಅದರೊಳಗೆ ಇಟ್ಟರೆ ತಾನಾಗಿ ನೇರ ಹೋಗುತ್ತೆ. ಸಣ್ಣ ಇಳಿಜಾರು ಬಂದಾಗ ಒಂದು ಕಾಲು ಜಾಡಿನಲ್ಲೇ ಇರಲಿ, ಇನ್ನೊಂದನ್ನು ಹೊರಗೆ ತೆಗೆದು, ಮುಂತುದಿ ಒಳಕ್ಕೆ ತಿರುಗಿಸಿ, ಹಿಮ್ಮಡಿ ಹೊರಕ್ಕೆ ಒತ್ತಿ. ನಾನು ಮಕ್ಕಳಿಗೆ ಮೊದಲು ಕಲಿಸೋದು ಈ ಬ್ರೇಕನ್ನೇ.

ಮೂರನೇ ದಿನ ಲೇಕ್ ಲೂಯಿಸ್ ಕಡೆ ಹೋಗಿ. ಮೊರೇನ್ ಲೇಕ್ ರಸ್ತೆಯನ್ನು ಚಳಿಗಾಲದಲ್ಲಿ ವಾಹನಗಳಿಗೆ ಮುಚ್ಚಿ ಸ್ಕೀ ದಾರಿ ಮಾಡುತ್ತಾರೆ. ಸುಮಾರು 8 ಕಿ.ಮೀ. ಆದಮೇಲೆ ದಾರಿ ಬೆಟ್ಟದಿಂದ ಹಿಮ ಕುಸಿದು ಬೀಳುವ ಜಾಗಗಳನ್ನು ದಾಟುತ್ತೆ. ಫಲಕ ಇರುವಲ್ಲೇ ತಿರುಗಿ, ಸರೋವರ ನೋಡುವ ಆಸೆ ಬೇಡ. ನಿಮಗೆ ಅಷ್ಟು ದೂರವೂ ಬೇಕಿಲ್ಲ, ಮಗಳ ಕಾಲು ನೋಡಿಕೊಂಡು ವಾಪಸ್ ಬನ್ನಿ.

ನನ್ನ ಮನಸ್ಸಿಗೆ ಹತ್ತಿರದ್ದು ಕನನಾಸ್ಕಿಸ್‌ನ ಪೀಟರ್ ಲಾಹೀಡ್ ಪಾರ್ಕ್. ಶಿನೂಕ್ ಅನ್ನೋ ಬಿಸಿಗಾಳಿ ಬೀಸಿ ಕ್ಯಾನ್ಮೋರ್‌ನಲ್ಲಿ ಹಿಮ ಕರಗಿ ಗಟ್ಟಿಯಾದಾಗಲೂ ಅಲ್ಲಿ ಹಿಮ ಚೆನ್ನಾಗಿರೋದೇ ಹೆಚ್ಚು. ಪೊಕಟೆರಾ ದಾರಿ ಕಾಡಿನೊಳಗೆ ಮೆಲ್ಲಗೆ ಏರುತ್ತೆ. ಅಲ್ಲಿ ಮೊಬೈಲ್ ನಂಬಬೇಡಿ, ನಕ್ಷೆ ಇಳಿಸಿಕೊಂಡು ಹೋಗಿ.

ಪ್ರಶ್ನೆ: ತುಂಬಾ ಉಪಕಾರ ಆಯ್ತು ಮೇಡಂ, ಗೋಟ್ ಕ್ರೀಕ್ ಕೈಬಿಟ್ಟೆವು. ಪಾಸ್ ಯಾವುದು ಬೇಕು? ಚಳಿಗೆ ದಪ್ಪ ಜಾಕೆಟ್ ಸಾಕಾ?

ಉತ್ತರ: ನಾರ್ಡಿಕ್ ಸೆಂಟರ್‌ಗೆ ದಿನದ ಟ್ರೇಲ್ ಪಾಸ್, ಲೇಕ್ ಲೂಯಿಸ್‌ಗೆ ರಾಷ್ಟ್ರೀಯ ಉದ್ಯಾನದ ಪಾಸ್, ಕನನಾಸ್ಕಿಸ್‌ಗೆ ವಾಹನದ ಕನ್ಸರ್ವೇಶನ್ ಪಾಸ್. ಮೂರೂ ಬೇರೆ ಬೇರೆ.

ದಪ್ಪ ಜಾಕೆಟ್ ಹಾಕಿಕೊಂಡು ಹೊರಟರೆ ಹತ್ತೇ ನಿಮಿಷಕ್ಕೆ ಬೆವರುತ್ತೀರಿ, ನಿಂತ ಕೂಡಲೇ ಆ ಬೆವರೇ ನಡುಗಿಸುತ್ತೆ. ತೆಳು ಉಣ್ಣೆ, ಮೇಲೊಂದು ಗಾಳಿ ತಡೆಯುವ ಪದರ ಸಾಕು, ದಪ್ಪದ್ದು ಚೀಲದಲ್ಲಿರಲಿ. ಹೊರಡುವಾಗ ಸ್ವಲ್ಪ ಚಳಿ ಅನ್ನಿಸಲೇಬೇಕು. ಮೈನಸ್ 20ಕ್ಕಿಂತ ಕೆಳಗಿದ್ದರೆ ಆ ದಿನ ಬಿಟ್ಟುಬಿಡಿ. ಅಷ್ಟು ಚಳಿಗೆ ಹಿಮ ಮರಳಿನಂತಾಗಿ ಸ್ಕೀ ಜಾರೋದೇ ಇಲ್ಲ, ಮಗಳ ಬೆರಳುಗಳಿಗೂ ಅಪಾಯ. ಅವಳಿಗೆ ಬೆರಳು ಬಿಡಿಬಿಡಿಯಾದ ಗ್ಲೌಸ್ ಬದಲು ಬೆರಳುಗಳು ಒಟ್ಟಿಗಿರುವ ಮಿಟನ್ ತೊಡಿಸಿ, ಇನ್ನೊಂದು ಜೊತೆ ಚೀಲದಲ್ಲಿಡಿ. ಮೊದಲ ದಿನ ಬಿದ್ದೂ ಬಿದ್ದೂ ಒಂದು ಜೊತೆ ಒದ್ದೆಯಾಗೇ ಆಗುತ್ತೆ.